ಮರ ಹತ್ತುವ ಹಗ್ಗಕ್ಕೆ ಬ್ಲೇಕ್, ಪ್ರುಸಿಕ್, ವಿಟಿ: ಯಾವ ಗಂಟು?

ತೀರ್ಥಹಳ್ಳಿ ಕಡೆ ಮರಗಸಿ ಕಲಿಯುತ್ತಿರುವ ನಿಮಗೆ ಬ್ಲೇಕ್, ಪ್ರುಸಿಕ್, ವಿಟಿ (ವಾಲ್ಡೊಟೇನ್ ಟ್ರೆಸ್) ಈ ಮೂರರಲ್ಲಿ ಯಾವುದು ಅನ್ನೋ ಗೊಂದಲ, ಅಲ್ವಾ? ಮೂರೂ ಹಗ್ಗದ ಮೇಲೆ ಹಾಕುವ ಹಿಡಿತದ ಗಂಟುಗಳು: ಕೈಯಿಂದ ಸರಿಸಿದರೆ ಜಾರುತ್ತವೆ, ಭಾರ ಬಿದ್ದರೆ ಹಿಡಿದುಕೊಳ್ಳುತ್ತವೆ.

ಖರ್ಚು ನೋಡಿದರೆ ಬ್ಲೇಕ್. ಹತ್ತುವ ಹಗ್ಗದ ತುದಿಯಲ್ಲೇ ಕಟ್ಟಬಹುದು, ಬೇರೆ ಹುರಿ ಬೇಡ. ನಾಲ್ಕು ಸುತ್ತು ಹಾಕಿ, ತುದಿಯನ್ನು ಕೆಳಗಿನ ಎರಡು ಸುತ್ತಿನೊಳಗೆ ತೂರಿಸಬೇಕು. ತುದಿ ಜಾರಿ ಹೊರಬರದಂತೆ ಅದಕ್ಕೆ ತಡೆಗಂಟು ಇರಲೇಬೇಕು. ಆದರೆ ಎತ್ತರದಿಂದ ಸರ್ರನೆ ಇಳಿದರೆ ಉಜ್ಜಿದ ಬಿಸಿಗೆ ಹಗ್ಗದ ಮೈ ಕರಗಿ ಗಾಜಿನಂತಾಗುತ್ತದೆ.

ಪ್ರುಸಿಕ್ ಕಟ್ಟೋದು ಸುಲಭ, ಎರಡೂ ದಿಕ್ಕಿಗೆ ಹಿಡಿಯುತ್ತದೆ. ಭಾರ ಬಿದ್ದ ಮೇಲೆ ಸಡಿಲಿಸೋದು ಕಷ್ಟ. ಕಾಂಡಕ್ಕೆ ಸುತ್ತಿ ಸೊಂಟಪಟ್ಟಿಗೆ ಸಿಕ್ಕಿಸುವ ಹಗ್ಗದ ಉದ್ದ ಹೊಂದಿಸಲು ನನಗೆ ಇದೇ ಇಷ್ಟ.

ದಿನವಿಡೀ ಕೊಂಬೆಯಿಂದ ಕೊಂಬೆಗೆ ಓಡಾಡುವವರಿಗೆ ವಿಟಿ. ನಯವಾಗಿ ಜಾರುತ್ತದೆ. ಎರಡೂ ತುದಿಗೆ ಕಣ್ಣು (ಕುಣಿಕೆ) ಇರುವ, ಬಿಸಿ ತಾಳುವ ಹುರಿ ಬೇಕು, 13 ಮಿ.ಮೀ. ಹಗ್ಗಕ್ಕೆ 10 ಮಿ.ಮೀ. ಹುರಿ ಸಾಮಾನ್ಯ. ಹೊಂದಾಣಿಕೆಯೇ ಇದರ ಜೀವ: ಭಾರ ಹಾಕಿದಾಗ ಜಾರಿದರೆ ಒಂದು ಸುತ್ತು ಜಾಸ್ತಿ, ಕಚ್ಚಿಕೊಂಡರೆ ಒಂದು ಕಮ್ಮಿ. ಕಲಿಸುವವರು ಪಕ್ಕದಲ್ಲಿಲ್ಲದೆ ಹೊಸಬರು ಇದಕ್ಕೆ ಕೈ ಹಾಕಬೇಡಿ.

ನಮ್ಮ ಮಳೆಗಾಲದ ತೇವಕ್ಕೆ ಮೂರರ ಹಿಡಿತವೂ ಬದಲಾಗುತ್ತದೆ. ನೆಲದಿಂದ ಒಂದಡಿ ಮೇಲೆ ಪೂರ್ತಿ ಭಾರ ಹಾಕಿ ನೋಡಿ, ಆಮೇಲೆ ಹತ್ತಿ.