ದುಡ್ಡು ಕೊಟ್ಟು ಕೊಂಡ ಗೇಮ್‌ನೊಳಗೆ ಮತ್ತೆ ಅಂಗಡಿ: ನಾನು ಕೈ ಸುಟ್ಟುಕೊಂಡು ನೋಡಿದ ಬಗೆಗಳು

ಪೂರ್ತಿ ಬೆಲೆ ಕೊಟ್ಟು ದೊಡ್ಡ ಗೇಮ್ ಕೊಂಡಿರುತ್ತೇವೆ. ನೂರು ಜಿಬಿ ಇಳಿಯುವವರೆಗೆ ಕಾದಿರುತ್ತೇವೆ. ಶುರು ಮಾಡಿದರೆ ಮೊದಲು ಕಾಣೋದು ಅಂಗಡಿ! ಈ ಅಂಗಡಿಗಳಲ್ಲಿ ಒಂದೊಂದು ಬಗೆಗೂ ನಾನು ಸ್ವಲ್ಪ ಸ್ವಲ್ಪ ದುಡ್ಡು ಹಾಕಿ ನೋಡಿದ್ದೇನೆ. ಎಲ್ಲವೂ ಒಂದೇ ಥರ ಸಿಟ್ಟು ತರಿಸುವುದಿಲ್ಲ.

ಮೊದಲು ಲೂಟ್ ಬಾಕ್ಸ್, ಅಂದರೆ ಒಳಗೆ ಏನಿದೆ ಅಂತ ಗೊತ್ತಿಲ್ಲದೆ ಕೊಳ್ಳುವ ಪೆಟ್ಟಿಗೆ. ಒಂದು ಶೂಟರ್ ಗೇಮ್‌ನಲ್ಲಿ ಒಟ್ಟಿಗೆ ಹತ್ತು ಬಾಕ್ಸ್ ಕೊಂಡೆ. ಪೆಟ್ಟಿಗೆ ಗಡಗಡ ಅಲುಗಾಡುತ್ತದೆ, ಸಂದಿಯಿಂದ ಬಂಗಾರದ ಬೆಳಕು ಬರುತ್ತದೆ, ಎದೆ ಡವಡವ. ತೆರೆದರೆ ನನ್ನ ಹತ್ತಿರ ಆಗಲೇ ಇದ್ದ ಹಸಿರು ಟೋಪಿ. ಹತ್ತರಲ್ಲಿ ನಾಲ್ಕು ಹೀಗೇ. ಮೂಗಿಗೆ ತುಪ್ಪ ಸವರೋದು ಅಂದರೆ ಇದೇ ಅಲ್ವಾ? 2017ರಲ್ಲಿ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಗೇಮ್‌ನಲ್ಲಿ ಡಾರ್ತ್ ವೇಡರ್ ಆಗಿ ಆಡಲು ಮೊದಲು 60,000 ಕ್ರೆಡಿಟ್ (ಆಟದೊಳಗಿನ ನಾಣ್ಯ) ಇಟ್ಟಿದ್ದರು. ಅದನ್ನು ಸಮರ್ಥಿಸಿಕೊಂಡು ಗೇಮ್ ಕಂಪನಿ ಇಎ, ರೆಡಿಟ್ ಎಂಬ ಚರ್ಚಾತಾಣದಲ್ಲಿ ಬರೆದ ಉತ್ತರಕ್ಕೆ 6 ಲಕ್ಷಕ್ಕೂ ಜಾಸ್ತಿ ಡೌನ್‌ವೋಟ್ (ಒಪ್ಪದವರ ಮತ) ಬಿತ್ತು. ಮರುವರ್ಷ ಬೆಲ್ಜಿಯಂನ ಜೂಜು ಆಯೋಗ ಕೆಲವು ಗೇಮ್‌ಗಳ ಲೂಟ್ ಬಾಕ್ಸ್‌ಗಳನ್ನು ಅಕ್ರಮ ಜೂಜು ಎಂದಿತು. ನನಗಂತೂ ಹಸಿರು ಟೋಪಿಗಳೇ ಸಾಕಷ್ಟು ಬುದ್ಧಿ ಕಲಿಸಿದವು.

ಆಮೇಲೆ ಬ್ಯಾಟಲ್ ಪಾಸ್. ಇದನ್ನು ಕೊಂಡು, ಸಾಮಾನ್ಯವಾಗಿ ಸೀಸನ್ ಎಂಬ ನಿಗದಿತ ಅವಧಿಯೊಳಗೆ ಆಡಿ ಲೆವೆಲ್ ಏರಿದ ಹಾಗೆ ಬಹುಮಾನ ಪಡೆಯಬೇಕು. ಇಲ್ಲಿ ಮೋಸ ಕಡಿಮೆ. ಯಾವ ಲೆವೆಲ್‌ಗೆ ಏನು ಸಿಗುತ್ತದೆ ಅಂತ ಮೊದಲೇ ತೋರಿಸುತ್ತಾರೆ. ಆದರೆ ಸೀಸನ್ ಮುಗಿಯುವ ಕೊನೆಯ ರಾತ್ರಿ ಎರಡು ಗಂಟೆಗೆ, ನನಗೆ ಇಷ್ಟವೇ ಇಲ್ಲದ ಪಿಸ್ತೂಲು ಹಿಡಿದು, 'ಪಿಸ್ತೂಲಿನಿಂದ ಹತ್ತು ಜನರನ್ನು ಹೊಡೆ' ಎಂಬ ಟಾಸ್ಕ್ ಮಾಡುತ್ತಾ ಕೂತಿದ್ದೆ. ಲೆವೆಲ್ 93. ನೂರಕ್ಕೆ ಮುಟ್ಟಲಿಲ್ಲ, ನಾನು ಆಸೆಪಟ್ಟ ಸ್ಕಿನ್ (ಪಾತ್ರಕ್ಕೆ ಹಾಕುವ ವೇಷ) ನೂರರಲ್ಲೇ ಇತ್ತು. ದುಡ್ಡು ಕೊಟ್ಟು ಕೆಲಸಕ್ಕೆ ಸೇರಿದ ಹಾಗೆ. ಪಾಸ್ ಬೇಕೇ ಬೇಕು ಅಂದರೆ ಹೇಲೋ ಇನ್ಫಿನಿಟ್, ಹೆಲ್‌ಡೈವರ್ಸ್ 2 ಥರದ್ದು ವಾಸಿ. ಅಲ್ಲಿ ಕೊಂಡ ಪಾಸ್ ಅವಧಿ ಮುಗಿದು ಸಾಯುವುದಿಲ್ಲ. ಈ ವರ್ಷ ಅರ್ಧ, ಮುಂದಿನ ವರ್ಷ ಅರ್ಧ ಮುಗಿಸಬಹುದು.

ನೇರವಾಗಿ ಸ್ಕಿನ್ ಕೊಳ್ಳುವ ಅಂಗಡಿ ಹಳೆಯದು. 2006ರಲ್ಲಿ ಆಬ್ಲಿವಿಯನ್ ಗೇಮ್‌ನ ಕುದುರೆಗೆ ಕವಚ ಮಾರಿದಾಗ ಜನ ನಕ್ಕಿದ್ದರು. ಈಗ ನಗುವವರಿಲ್ಲ. ನನಗೆ ಇದರಲ್ಲಿ ದೊಡ್ಡ ತಕರಾರಿಲ್ಲ, ಒಂದು ವಿಷಯ ಬಿಟ್ಟು. ಬೇಕಾದ ಅಂಗಿಗೆ 1100 ನಾಣ್ಯ, ದುಡ್ಡಿಗೆ ಮಾರುವ ನಾಣ್ಯದ ಕಟ್ಟು 1000ದ್ದು. ಸಣ್ಣ ಕಟ್ಟು ಇನ್ನೊಂದು ಕೊಂಡರೆ ಒಂದಷ್ಟು ಮಿಕ್ಕುತ್ತದೆ, ಆ ಮಿಕ್ಕಿದ್ದಕ್ಕೆ ಅಂಗಡಿಯಲ್ಲಿ ಏನೂ ಬರುವುದಿಲ್ಲ.

ನನ್ನ ನಿಜವಾದ ಜಗಳ ಇರೋದು ಬೂಸ್ಟರ್ ಜೊತೆ, ಅಂದರೆ ಎಕ್ಸ್‌ಪಿ (ಲೆವೆಲ್ ಏರಿಸುವ ಅನುಭವದ ಅಂಕ) ಬೇಗ ಬರಲಿ ಅಂತ ಕೊಳ್ಳುವ ಸರಕಿನ ಜೊತೆ. ಟೋಪಿ, ಅಂಗಿ ಬೇಡ ಅಂದರೆ ನೋಡದೆ ಇರಬಹುದು. ಒಬ್ಬನೇ ಆಡುವ ಕಥೆಯ ಗೇಮ್‌ನಲ್ಲಿ 'ಎಕ್ಸ್‌ಪಿ ಬೇಗ ಬರಲಿ, ಇದನ್ನು ಕೊಳ್ಳಿ' ಅಂದರೆ? ಅಂಥ ಒಂದನ್ನು ಆಡುತ್ತಿದ್ದೆ. ಕಥೆ ಚೆನ್ನಾಗಿ ಓಡುತ್ತಿತ್ತು. ಮುಂದಿನ ಮಿಷನ್‌ಗೆ ಲೆವೆಲ್ 27 ಬೇಕು, ನಾನಿದ್ದದ್ದು 23. ಸುಮ್ನೆ ಅದೇ ಕೋಟೆಗಳು, ಅದೇ ಕಾವಲುಗಾರರು. ಮೂರು ಸಂಜೆ ಹೋಯಿತು. ನಾಲ್ಕನೇ ಸಂಜೆ ಬೂಸ್ಟರ್ ಕೊಂಡೆ. ಆಟ ಹಿತವಾಯಿತು, ನಿಜ ಹೇಳಬೇಕಲ್ಲ. ಸಿಟ್ಟು ಬಂದದ್ದು ಆಗಲೇ. ಮೊದಲಿನಿಂದಲೂ ಇದೇ ವೇಗ ಇರಬೇಕಿತ್ತೇ? ಬೇಕಂತಲೇ ನಿಧಾನ ಮಾಡಿದ್ದರೇ? ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗಿದ ಹಾಗಿತ್ತು. ಆ ಅನುಮಾನ ಒಮ್ಮೆ ಹೊಕ್ಕರೆ ಪ್ರತಿ ಕಷ್ಟದ ಜಾಗದಲ್ಲೂ 'ಇದು ಆಟವೋ, ವ್ಯಾಪಾರವೋ' ಅನ್ನಿಸುತ್ತದೆ. ಅನುಮಾನಕ್ಕೆ ಆಧಾರವೂ ಇದೆ. ಶ್ಯಾಡೋ ಆಫ್ ವಾರ್ ಗೇಮ್‌ನಿಂದ 2018ರಲ್ಲಿ ಅಂಗಡಿಯನ್ನು ತೆಗೆದುಹಾಕಿದಾಗ, ಎಳೆದು ಎಳೆದು ಸಾಕಾಗಿಸುತ್ತಿದ್ದ ಅದರ ಕೊನೆಯ ಭಾಗವನ್ನೂ ಮೊಟಕು ಮಾಡಿದರು.

ಹಾಗಾಗಿ ಲೂಟ್ ಬಾಕ್ಸ್‌ಗಿಂತ ಬೂಸ್ಟರ್ ಕೆಟ್ಟದ್ದು ಅನ್ನುತ್ತೇನೆ. ಸ್ನೇಹಿತರು ಒಪ್ಪುವುದಿಲ್ಲ. ಜೂಜು ಚಟ ಹತ್ತಿಸುತ್ತದೆ, ಅದೇ ದೊಡ್ಡ ಕೇಡು ಅನ್ನುತ್ತಾರೆ. ಮಕ್ಕಳ ವಿಷಯದಲ್ಲಿ ಅವರ ಮಾತು ಸರಿ.

ಉಳಿದದ್ದು ಎಕ್ಸ್‌ಪಾನ್ಷನ್, ಅಂದರೆ ಇರುವ ಗೇಮ್‌ಗೆ ಆಮೇಲೆ ಸೇರಿಸುವ ದೊಡ್ಡ ಹೊಸ ಭಾಗ. ಎಲ್ಡನ್ ರಿಂಗ್‌ಗೆ 2024ರಲ್ಲಿ ಬಂದ ಶ್ಯಾಡೋ ಆಫ್ ದ ಎರ್ಡ್‌ಟ್ರೀ ಕೊಂಡೆ. ಹೊಸ ಭೂಪಟ, ಹೊಸ ಬಾಸ್‌ಗಳು (ಬಲಶಾಲಿ ಶತ್ರುಗಳು), ಒಂದೇ ಸಲ ದುಡ್ಡು. ಅಲ್ಲೂ ಬಾಸ್‌ಗಳ ಕೈಲಿ ಸತ್ತು ಸತ್ತು ಸಿಟ್ಟು ಬಂತು. ಆದರೆ ಆ ಸಿಟ್ಟು ನನ್ನ ಬೆರಳುಗಳ ಮೇಲೆ, ಅಂಗಡಿಯ ಮೇಲಲ್ಲ. ಇದನ್ನೂ ಕೆಡಿಸುವವರು ಇದ್ದಾರೆ ಬಿಡಿ, ಕಥೆಯ ತುಂಡೊಂದನ್ನು ಕತ್ತರಿಸಿಟ್ಟು ಬಿಡುಗಡೆಯ ದಿನವೇ ಡಿಎಲ್‌ಸಿ (ಬೇರೆಯಾಗಿ ಇಳಿಸಿಕೊಳ್ಳುವ ಹೆಚ್ಚುವರಿ ಭಾಗ) ಅಂತ ಮಾರುತ್ತಾರೆ. ಅಂಥದ್ದು ಕಂಡರೆ ಒಂದು ವರ್ಷ ಕಾಯುತ್ತೇನೆ. ಅಷ್ಟರಲ್ಲಿ ಎಲ್ಲ ಸೇರಿಸಿದ ಆವೃತ್ತಿ ಅರ್ಧ ಬೆಲೆಗೆ ಬಂದಿರುವುದೇ ಜಾಸ್ತಿ.