ಮಾಂಸದ ದನಗಳಿಗೆ ಬೈಪಾಸ್ ಕೊಬ್ಬು: ಚೀಲದ ಮೇಲಿನ ಎರಡು ಭರವಸೆಗಳು

ಮಾಂಸಕ್ಕಾಗಿ ಬೆಳೆಸುವ ದನಗಳಿಗೆಂದು ಮಾರುವ ಈ ಬೈಪಾಸ್ ಕೊಬ್ಬಿನ (ಮೆಲುಕಿನ ಹೊಟ್ಟೆಯನ್ನು ಹೆಚ್ಚು ಕರಗದೆ ದಾಟಿಹೋಗುವ ಕೊಬ್ಬು) ಚೀಲದ ಮೇಲೆ ‘ತೂಕ ಹೆಚ್ಚಿಸುತ್ತದೆ, ಮೀಥೇನ್ ತಗ್ಗಿಸುತ್ತದೆ’ ಎಂದು ಅಚ್ಚಾಗಿದೆ. ಮಾರಾಟಕ್ಕೆ ಮುಂಚಿನ ಕೊನೆಯ ತಿಂಗಳುಗಳಲ್ಲಿ ಬಳಸಿ ನೋಡಿದ ಮೇಲೆ, ಮೊದಲ ಮಾತನ್ನು ಒಪ್ಪುತ್ತೇನೆ. ಎರಡನೆಯದರ ಬಗ್ಗೆ ತಕರಾರಿದೆ.

ಒಂದೇ ತೂಕದ ಪಿಷ್ಟಕ್ಕಿಂತ ಕೊಬ್ಬಿನಲ್ಲಿ ಸುಮಾರು ಎರಡೂಕಾಲು ಪಟ್ಟು ಶಕ್ತಿಯಿದೆ, ಮೇಲಾಗಿ ಧಾನ್ಯ ಹೆಚ್ಚಿಸಿದಾಗ ಕಾಡುವ ಆಮ್ಲತೆಯ ಭಯ ಇದರಲ್ಲಿಲ್ಲ. ಕ್ಯಾಲ್ಸಿಯಂ ಜೊತೆ ಬೆಸೆದ ಈ ಕೊಬ್ಬಿನಾಮ್ಲಗಳು ಮೆಲುಕಿನ ಹೊಟ್ಟೆಯಲ್ಲಿ ಹೆಚ್ಚು ಕರಗದೆ ಮುಂದೆ ಸಾಗಿ, ನಾಲ್ಕನೆಯ ಹೊಟ್ಟೆಯ ಆಮ್ಲದಲ್ಲಿ ಬಿಡಿಸಿಕೊಂಡು, ಸಣ್ಣಕರುಳಿನಲ್ಲಿ ಹೀರಲ್ಪಡುತ್ತವೆ. ನಾರನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳಿಗೆ ಅಷ್ಟಾಗಿ ತೊಂದರೆಯಾಗುವುದಿಲ್ಲ.

ಎರಡನೆಯ ಭರವಸೆಗೆ ಮುಳುವಾಗುವುದು ಇದೇ ಗುಣ. ಮೇವು ಹುದುಗುವಾಗ ಹೊರಬೀಳುವ ಹೈಡ್ರೋಜನ್ನನ್ನು ಮೆಲುಕಿನ ಹೊಟ್ಟೆಯ ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳು ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿಸಿ ಮೀಥೇನ್ ತಯಾರಿಸುತ್ತವೆ, ದನ ಅದರ ಬಹುಪಾಲನ್ನು ತೇಗಿ ಹೊರಹಾಕುತ್ತದೆ. ತೆಂಗಿನೆಣ್ಣೆಯ ಲಾರಿಕ್ ಆಮ್ಲ, ಅಗಸೆಯ ಲಿನೋಲೆನಿಕ್ ಆಮ್ಲದಂಥವು ಈ ಆರ್ಕಿಯಾಗಳನ್ನೂ ಅವುಗಳಿಗೆ ಹೈಡ್ರೋಜನ್ ಒದಗಿಸುವ ಪ್ರೋಟೋಜೋವಾ ಎಂಬ ಏಕಕೋಶ ಜೀವಿಗಳನ್ನೂ ಕುಗ್ಗಿಸುತ್ತವೆ. ಆಹಾರದ ಒಣ ಪದಾರ್ಥದಲ್ಲಿ (ನೀರಿನಂಶ ಕಳೆದ ತೂಕದಲ್ಲಿ) ಇಂಥ ಕೊಬ್ಬು ಶೇ 1ರಷ್ಟು ಹೆಚ್ಚಿದರೆ ಮೀಥೇನ್ ಸುಮಾರು ಶೇ 4ರಷ್ಟು ಇಳಿಯುತ್ತದೆ. ಆ ಜೀವಿಗಳನ್ನು ಮುಟ್ಟದೆ ದಾಟಿಹೋಗುವ ಕೊಬ್ಬಿನಿಂದ ಅಷ್ಟನ್ನು ನಿರೀಕ್ಷಿಸುವಂತಿಲ್ಲ. ತಾನು ಹುದುಗದ ಕಾರಣ, ಧಾನ್ಯದ ಬದಲು ಹಾಕಿದಾಗ ಅಲ್ಪ ಇಳಿಕೆ ಕಾಣಬಹುದು. ದನ ಬೇಗ ತೂಕಕ್ಕೆ ಬಂದರೆ ಪ್ರತಿ ಕಿಲೋ ಮಾಂಸದ ಲೆಕ್ಕದಲ್ಲೂ ಮೀಥೇನ್ ತಗ್ಗುತ್ತದೆ. ಚೀಲದ ಮೇಲೆ ಇಷ್ಟನ್ನೇ ಬರೆದಿದ್ದರೆ ನನ್ನ ತಕರಾರಿರುತ್ತಿರಲಿಲ್ಲ.

ಹಾಗೆಂದು ಹಸಿ ಎಣ್ಣೆಯನ್ನೇ ಸುರಿಯುವುದೂ ತರವಲ್ಲ. ಒಟ್ಟು ಕೊಬ್ಬು ಒಣ ಪದಾರ್ಥದ ಶೇ 6–7 ದಾಟಿತೆಂದರೆ ನಾರಿನ ಜೀರ್ಣಕ್ರಿಯೆ ಕುಸಿದು, ಮೇವು ತಿನ್ನುವುದೇ ಕಡಿಮೆಯಾಗುತ್ತದೆ. ಅರೆಹೊಟ್ಟೆಯ ದನ ಮೀಥೇನನ್ನೂ ಕಡಿಮೆ ಬಿಡುತ್ತದೆ, ನಿಜ. ಅದನ್ನು ಸಾಧನೆಯೆನ್ನಲು ಯಾವ ಸಾಕಣೆದಾರನೂ ಸಿದ್ಧನಿರಲಾರ.

ಬಳಕೆಯ ಸೂಚನೆಗಳು ತೀರಾ ಸೊರಗಿವೆ. ದಿನಕ್ಕೆ ಒಂದು ದನಕ್ಕೆ ಇಷ್ಟು ಗ್ರಾಂ ಎಂದಿದೆಯೇ ಹೊರತು, ಹತ್ತಿಕಾಳು ಅಥವಾ ಹಿಂಡಿಯಿಂದ ಈಗಾಗಲೇ ಸಿಗುತ್ತಿರುವ ಕೊಬ್ಬನ್ನು ಕಳೆದು ಲೆಕ್ಕ ಹಾಕಬೇಕೆಂಬ ಮಾತಿಲ್ಲ. ಸಾಬೂನಿನಂಥ ವಾಸನೆಗೆ ನಮ್ಮ ದನಗಳು ಮೊದಲ ವಾರ ಗೋದಲಿಯಿಂದ ಮುಖ ತಿರುಗಿಸಿದ್ದವು; ಕಾಕಂಬಿಯಲ್ಲಿ ಕಲಸಿ, ಪ್ರಮಾಣವನ್ನು ದಿನದಿನಕ್ಕೆ ಏರಿಸಿದ ಮೇಲೆ ಒಗ್ಗಿಕೊಂಡವು. ತೂಕಕ್ಕಾಗಿ ಮತ್ತೆ ಕೊಳ್ಳುತ್ತೇನೆ. ಮೀಥೇನಿನ ಹೆಸರಿನಲ್ಲಿ ಹೆಚ್ಚುವರಿ ಬೆಲೆ ಕೇಳಿದರೆ, ಆ ಹಣಕ್ಕೆ ಜಜ್ಜಿದ ಅಗಸೆಯನ್ನೇ ಮಿತಿಯೊಳಗೆ ಹಾಕುತ್ತೇನೆ.