ಬಾಲ್ಕನಿಯ ಗಾಂಜಾ: ವೈಟ್ ವಿಡೋನಾ, ನಾರ್ದರ್ನ್ ಲೈಟ್ಸ್ ಆಟೋನಾ?

ಮೊದಲೇ ಹೇಳಿಬಿಡುತ್ತೇನೆ, ನಾನಿರುವುದು ಜರ್ಮನಿಯ ಲೈಪ್‌ಜಿಗ್‌ನಲ್ಲಿ. ಇಲ್ಲಿ 2024ರ ಏಪ್ರಿಲ್ 1ರಿಂದ, 18 ತುಂಬಿದವರು ಮನೆಯಲ್ಲಿ ಮೂರು ಗಾಂಜಾ ಗಿಡ ಬೆಳೆಸಬಹುದು. ಒಣಗಿಸಿದ್ದು 50 ಗ್ರಾಂವರೆಗೆ ಮನೆಯಲ್ಲಿ ಇಟ್ಟುಕೊಳ್ಳಬಹುದು. ಊರಲ್ಲಿ ಇದೇ ಕೆಲಸಕ್ಕೆ 10 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಹಾಗಾಗಿ ಹಾವೇರಿಯಲ್ಲಿ ಮೆಕ್ಕೆಜೋಳ ಬೆಳೆಯುವ ನಮ್ಮಪ್ಪನಿಗೆ ನನ್ನ ಈ ಕೃಷಿಯ ಸುದ್ದಿ ಇನ್ನೂ ಮುಟ್ಟಿಲ್ಲ.

ಎರಡು ಬೇಸಿಗೆ ಎರಡು ತಳಿ ಹಾಕಿ ನೋಡಿದೆ. ಒಂದು ವೈಟ್ ವಿಡೋ. 1990ರ ದಶಕದಲ್ಲಿ ನೆದರ್ಲೆಂಡ್ಸ್‌ನಲ್ಲಿ ಹೆಸರು ಮಾಡಿದ ಹೈಬ್ರಿಡ್. ಬ್ರೆಜಿಲ್‌ನ ಸಟೈವಾ ಅನ್ನುವ ಬಗೆಯ ಗಾಂಜಾ ಜೊತೆ ದಕ್ಷಿಣ ಭಾರತದ ಗಿಡವನ್ನು ಬೆರೆಸಿದ್ದು ಅಂತ ಬೀಜ ಮಾರುವವರು ಹೇಳುತ್ತಾರೆ. ನಮ್ಮ ಕಡೆಯ ನೆಂಟಸ್ತಿಕೆ ಇದೆ ಅಂತಲೇ ನಾನು ಇದನ್ನು ತರಿಸಿದ್ದು, ಬೇರೆ ದೊಡ್ಡ ಕಾರಣ ಏನಿಲ್ಲ. ಇನ್ನೊಂದು ನಾರ್ದರ್ನ್ ಲೈಟ್ಸ್ ಆಟೋ. ಮೂಲ ತಳಿ ಅಫ್ಘಾನಿಸ್ತಾನದ ಕಡೆಯದು. ಅದಕ್ಕೆ ರುಡರಾಲಿಸ್ ಅನ್ನುವ ಚಳಿನಾಡಿನ ಕುಳ್ಳ ಗಿಡದ ಗುಣ ಸೇರಿಸಿ 'ಆಟೋ' ಮಾಡಿದ್ದಾರೆ.

ಈ 'ಆಟೋ' ಅನ್ನುವುದರಲ್ಲೇ ಎಲ್ಲ ವ್ಯತ್ಯಾಸ ಇರುವುದು. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಲ್ಲಿ ಹೋದವರು ಸೇವಂತಿಗೆ ಹೊಲದಲ್ಲಿ ಸಾಲು ಸಾಲು ಬಲ್ಬು ಉರಿಯುವುದನ್ನು ನೋಡಿರುತ್ತೀರಿ. ರಾತ್ರಿ ಉದ್ದವಾದರೆ ಸೇವಂತಿಗೆ ಮೊಗ್ಗು ಬಿಡುತ್ತದೆ. ಅದನ್ನು ತಡೆದು, ಗಿಡ ಇನ್ನಷ್ಟು ಬೆಳೆಯಲಿ ಅಂತ ಬೆಳಕು ಕೊಡುತ್ತಾರೆ. ವೈಟ್ ವಿಡೋನೂ ಅದೇ ಜಾತಕದ್ದು. ರಾತ್ರಿ ಉದ್ದ ಆಗುವವರೆಗೂ ಬರೀ ಎಲೆ. ಆಟೋಗೆ ಈ ಲೆಕ್ಕ ಇಲ್ಲ. ಹಗಲು ಎಷ್ಟೇ ಉದ್ದ ಇರಲಿ, ಮೂರ್ನಾಲ್ಕು ವಾರ ಆದರೆ ಹೂವಿಗೆ ತಿರುಗುತ್ತದೆ.

ಮೊದಲ ವರ್ಷ ಇದು ನನಗೆ ಪುಸ್ತಕದ ಮಾತಾಗಿತ್ತು. ಮೇ ಮಧ್ಯದಲ್ಲಿ ಎರಡನ್ನೂ ಬಿತ್ತಿದೆ. ಜುಲೈ ಕೊನೆಗೆ ಆಟೋ ಕೊಯ್ಲಿಗೇ ಬಂತು. ಮೊಣಕಾಲೆತ್ತರದ ಗಿಡ, ಒಣಗಿದ ಮೇಲೆ 31 ಗ್ರಾಂ. ವಿಡೋ ಆಗ ನನ್ನ ಎದೆಯೆತ್ತರ ಬಂದಿತ್ತು, ಒಂದು ಹೂವಿಲ್ಲ. ಆಗಸ್ಟ್ ಮೊದಲ ಎರಡು ವಾರದಲ್ಲಿ ಬರಬೇಕಿತ್ತು, ಬರಲಿಲ್ಲ. ಗೊಬ್ಬರ ಕಮ್ಮಿಯಾಯ್ತೇನೋ ಅಂತ ಹಾಕಿದೆ. ಎಲೆಯ ತುದಿ ಸುಟ್ಟಿತು. ಒಂದು ರಾತ್ರಿ ಬಾಲ್ಕನಿಯಲ್ಲಿ ನಿಂತಾಗ ಹೊಳೆಯಿತು. ಎದುರಿನ ಬೀದಿದೀಪ ನೇರ ಗಿಡದ ಮೇಲೇ ಬೀಳುತ್ತಿದೆ! ಸೇವಂತಿಗೆಗೆ ರೈತರು ದುಡ್ಡು ಕೊಟ್ಟು ಮಾಡುವುದನ್ನು ನಗರಸಭೆ ನನಗೆ ಪುಕ್ಕಟೆ ಮಾಡಿಕೊಡುತ್ತಿತ್ತು.

ಗಿಡವನ್ನು ಮೂಲೆಗೆ ಎಳೆದ ಮೇಲೆ ಆಗಸ್ಟ್ ಕೊನೆಗೆ ಹೂ ಶುರುವಾಯಿತು. ವಿಡೋ ಹೂ ಬಲಿಯಲು ಎಂಟೊಂಬತ್ತು ವಾರ ಬೇಕು. ಅಂದರೆ ಅಕ್ಟೋಬರ್ ಕೊನೆ. ಇಲ್ಲಿ ಆಗ ಜಿಟಿಜಿಟಿ ಮಳೆ, ಮಂಜು. ಗೊಂಚಲು ದಪ್ಪವಾದಷ್ಟೂ ಒಳಗೆ ಗಾಳಿಯಾಡುವುದಿಲ್ಲ. ಹೊರಗೆ ಬಿಳಿ ಅಂಟು ಸಕ್ಕರೆ ಉದುರಿಸಿದ ಹಾಗೆ ಮಿನುಗುತ್ತಿತ್ತು, ಹೆಸರಿನ 'ವೈಟ್' ಅದೇ. ಬಿಡಿಸಿ ನೋಡಿದರೆ ಒಳಗೆ ಬೂದು ಬೂಷ್ಟು. ಬೂಷ್ಟು ಹಿಡಿದದ್ದನ್ನು ಸೇದಿದರೆ ಶ್ವಾಸಕೋಶಕ್ಕೆ ಕೇಡು, ಎಲ್ಲ ಬಿಸಾಡಿದೆ. ಉಳಿದದ್ದು 22 ಗ್ರಾಂ. ಐದೂವರೆ ತಿಂಗಳ ಚಾಕರಿಗೆ!

ಎರಡನೇ ವರ್ಷ ವಿಡೋಗೆ ಕಪ್ಪು ದಪ್ಪ ಬಟ್ಟೆ ಹೊಲಿಸಿದೆ. ಜುಲೈ ಮೊದಲ ವಾರದಿಂದ ಸಂಜೆ 7ಕ್ಕೆ ಮುಚ್ಚುವುದು, ಬೆಳಗ್ಗೆ 7ಕ್ಕೆ ತೆಗೆಯುವುದು. ಕೆಲಸ ಮಾಡಿತು, ಸೆಪ್ಟೆಂಬರ್ ಮೊದಲ ವಾರಕ್ಕೇ ಕೊಯ್ಲು. ಆದರೆ ಎರಡು ತಿಂಗಳು ಎಲ್ಲಿಗೂ ಹೋಗುವ ಹಾಗಿಲ್ಲ. ಮನೆಯಲ್ಲಿ ಕರೆಯುವ ಹಸು ಕಟ್ಟಿಕೊಂಡ ಹಾಗೆ. ಸಂಜೆ ಗೆಳೆಯರು ಕರೆದರೆ 'ಗಿಡ ಮುಚ್ಚಬೇಕು' ಅಂತ ಹೇಳಿ ನಗೆಪಾಟಲಾದೆ.

ಆ ಸಲ ವಿಡೋ ಒಂದೇ 58 ಗ್ರಾಂ ಕೊಟ್ಟಿತು. ಖುಷಿಪಡೋಣ ಅಂದರೆ ಮಿತಿ 50. ಮನೆಯಲ್ಲಿ ಬೆಳೆದದ್ದನ್ನು ಗೆಳೆಯನಿಗೆ ಪುಕ್ಕಟೆ ಕೊಡುವುದಕ್ಕೂ ಕಾನೂನು ಬಿಡುವುದಿಲ್ಲ. ಜಾಸ್ತಿಯಾದದ್ದೆಲ್ಲ ಹಾಳು ಮಾಡಿ ಗೊಬ್ಬರದ ಡಬ್ಬಕ್ಕೆ ಹಾಕಿದೆ. ಬೀಜದ ಪೊಟ್ಟಣದ ಮೇಲೆ ದೊಡ್ಡಕ್ಷರದಲ್ಲಿ ಇಳುವರಿ ಬರೆದಿರುತ್ತಾರಲ್ವಾ, ಇಲ್ಲಿಯವರಿಗೆ ಅದನ್ನು ನೋಡಿ ಆಗಬೇಕಾದ್ದೇನೂ ಇಲ್ಲ.

ಹಾಗಂತ ಆಟೋ ಮುದ್ದಿನ ಮಗು ಅಂತಲ್ಲ. ಅದಕ್ಕೆ ಏಟು ತಡೆಯುವುದಿಲ್ಲ. ಕಾಗದದ ಲೋಟದಲ್ಲಿ ಸಸಿ ಮಾಡಿ ಆಮೇಲೆ ಕುಂಡಕ್ಕೆ ಬದಲಿಸಿದ ಒಂದು ಗಿಡ ಗೇಣುದ್ದಕ್ಕೇ ನಿಂತುಬಿಟ್ಟಿತು. ನೇರ ದೊಡ್ಡ ಕುಂಡಕ್ಕೇ ಬೀಜ ಹಾಕಬೇಕು. ನನ್ನದು 11 ಲೀಟರ್. ಕುಡಿ ಚಿವುಟಿದರೆ ಸುಧಾರಿಸಿಕೊಳ್ಳಲು ಅದಕ್ಕೆ ಸಮಯವೇ ಇಲ್ಲ. ವಿಡೋ ಹಾಗಲ್ಲ, ಚಿವುಟಿದಷ್ಟೂ ಕವಲೊಡೆಯುತ್ತದೆ. ಟೊಂಗೆ ಮುರಿದಾಗ ಟೇಪ್ ಸುತ್ತಿದೆ, ಕೂಡಿಕೊಂಡಿತು. ಕಡ್ಡಿ ನೆಟ್ಟು ಹೊಸ ಗಿಡವನ್ನೂ ಮಾಡಬಹುದು. ಆಟೋಗೆ ಪ್ರತಿ ಸಲ ಬೀಜಕ್ಕೇ ದುಡ್ಡು ಸುರಿಯಬೇಕು, ಅಪ್ಪನ ಮೆಕ್ಕೆಜೋಳದ ಕಥೆಯೇ.

ವಾಸನೆ ವಿಷಯದಲ್ಲಿ ನಾರ್ದರ್ನ್ ಲೈಟ್ಸ್ ಸಾಧು. ಹತ್ತಿರ ಮೂಗಿಟ್ಟರೆ ಸಿಹಿ, ಸ್ವಲ್ಪ ದೇವದಾರು ಮರದ ಹಾಗೆ. ವಿಡೋ ಹೂ ಬಿಟ್ಟಾಗ ಮೇಲಿನ ಮನೆಯ ಅಜ್ಜಿ ಬಾಗಿಲು ತಟ್ಟಿ, ಕೊಳವೆಯಲ್ಲಿ ಏನಾದರೂ ಸತ್ತಿದೆಯಾ ಅಂತ ಕೇಳಿದರು. ಸೇದಿದಾಗ ಆಟೋ ನಿದ್ದೆ ತರಿಸುತ್ತದೆ. ವಿಡೋ ತಲೆಗೆ ಏರುತ್ತದೆ, ನನಗೆ ಸ್ವಲ್ಪ ಜಾಸ್ತಿಯೇ.

ಈ ವರ್ಷ ಎರಡು ಕುಂಡದಲ್ಲಿ ಆಟೋ ಬಿತ್ತಿದ್ದೇನೆ, ಹದಿನೈದು ದಿನದ ಅಂತರದಲ್ಲಿ. ವಿಡೋಗೆ ಒಂದೇ ಕುಂಡ, ಅಡುಗೆಮನೆ ಕಿಟಕಿಯ ಹೊರಗೆ. ಅಲ್ಲಿ ಬೀದಿದೀಪ ಬೀಳುವುದಿಲ್ಲ. ಅಜ್ಜಿಯ ಕಿಟಕಿ ಮಾತ್ರ ನೇರ ಮೇಲೇ ಇದೆ.